ಜ್ವರ ಮುಚ್ಚಿಡುವ ಊರು: ಜಿಲ್ಲಾಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ದಿನಾಂಕ: 30 ಮಾರ್ಚ್ 2020

ಇವರಿಗೆ,
ಮಾನ್ಯ ಜಿಲ್ಲಾಧಿಕಾರಿಗಳು ಹಾಗೂ ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರದ ಅಧ್ಯಕ್ಷರು

ವಿಷಯ: ಜ್ವರ ಬಂದವರು ಆಸ್ಪತ್ರೆಗೆ ಬರಲು ಹೆದರುತ್ತಿರುವ ಬಗ್ಗೆ

ಮಾನ್ಯರೇ,

ಮಲೆನಾಡಿನ ಒಂದು ತಾಲ್ಲೂಕು ಕೇಂದ್ರದಲ್ಲಿ, ಬಸ್ ನಿಲ್ದಾಣದ ಎದುರು, ನನ್ನದೊಂದು ಔಷಧಿ ಅಂಗಡಿ ಇದೆ. ನನ್ನ ತಂದೆ ಆರಂಭಿಸಿದ ಅಂಗಡಿ ಅದು. ಈ ಪತ್ರವನ್ನು ತಮ್ಮ ಕಚೇರಿಯ ಟಪಾಲಿಗೆ ಹಾಕಬಹುದಿತ್ತು. ಆದರೆ ಈಗ ತಮ್ಮ ಕಚೇರಿಯಲ್ಲಿ ಟಪಾಲು ಒಡೆಯಲು ಪುರುಸೊತ್ತು ಇರುವವರು ಯಾರೂ ಇರಲಾರರು. ಅದು ನನಗೆ ಅರ್ಥವಾಗುತ್ತದೆ. ಅಲ್ಲದೆ ನಾನು ಹೇಳಬೇಕಾದುದರಲ್ಲಿ ಅರ್ಧ ತಮಗೆ, ಇನ್ನರ್ಧ ನನ್ನ ಊರಿನವರಿಗೆ. ಹಾಗಾಗಿ ಎಲ್ಲರೂ ಓದುವ ಹಾಗೆ ಬರೆಯುತ್ತಿದ್ದೇನೆ.

ಲಾಕ್‌ಡೌನ್ ಬೇಡ ಎಂದು ವಾದಿಸುವವನು ನಾನಲ್ಲ. ಕಲಬುರಗಿಯಲ್ಲಿ ದೇಶದ ಮೊದಲ ಸಾವಾಯಿತು ಎಂಬ ಸುದ್ದಿ ಮಾರ್ಚ್ 12ರಂದು ಟಿ.ವಿ.ಯಲ್ಲಿ ಬಂದಾಗ, ಇದು ಚೀನಾದ ಕಾಯಿಲೆ, ಇಟಲಿಯ ಕಾಯಿಲೆ ಎಂದುಕೊಂಡಿದ್ದವರೆಲ್ಲ ತೆಪ್ಪಗಾದರು. ಮರುದಿನವೇ ಮುಖ್ಯಮಂತ್ರಿಗಳು ಮಾಲ್, ಚಿತ್ರಮಂದಿರ, ಜಾತ್ರೆ, ದೊಡ್ಡ ಮದುವೆ ಎಲ್ಲಕ್ಕೂ ತಡೆ ಹಾಕುವುದಾಗಿ ಹೇಳಿದ್ದು ಸರಿಯಾದ ನಿರ್ಧಾರ ಎಂದು ಆಗಲೂ ಅಂದುಕೊಂಡೆ, ಈಗಲೂ ಅಂದುಕೊಳ್ಳುತ್ತೇನೆ. ಯುಗಾದಿಯ ದಿನವೇ ದೇಶಕ್ಕೆ ದೇಶವೇ ಬಾಗಿಲು ಹಾಕಿಕೊಂಡಿತು. ನಮ್ಮ ಬೀದಿಯಲ್ಲಿ ಬೇವು ಬೆಲ್ಲ ಹಂಚಲು ಪಕ್ಕದ ಮನೆಗೂ ಯಾರೂ ಹೋಗಲಿಲ್ಲ. ಅದರ ಬಗ್ಗೆ ನನ್ನ ತಕರಾರಿಲ್ಲ. ನನ್ನ ತಕರಾರು ಬೇರೆಯದು: ಕಳೆದ ಎರಡು ವಾರಗಳಲ್ಲಿ ನಮ್ಮ ತಾಲ್ಲೂಕಿನ ಜನ ಕಾಯಿಲೆಗಿಂತ ಹೆಚ್ಚಾಗಿ ಕಾಯಿಲೆಯ ಸುದ್ದಿ ಹೊರಗೆ ಬೀಳುವುದಕ್ಕೆ ಹೆದರತೊಡಗಿದ್ದಾರೆ. ಆ ಹೆದರಿಕೆಯನ್ನು ಹುಟ್ಟಿಸಿದ್ದರಲ್ಲಿ ಆಡಳಿತದ ಪಾಲೂ ಇದೆ.

ಔಷಧಿ ಅಂಗಡಿಯ ಗಾಜಿನ ಕಪಾಟಿನ ಹಿಂದೆ ನಿಂತವನಿಗೆ ಊರಿನ ಆರೋಗ್ಯ ವೈದ್ಯರಿಗಿಂತ ಮೊದಲು ಗೊತ್ತಾಗುತ್ತದೆ. ಯಾವ ಹಳ್ಳಿಯಲ್ಲಿ ವಾಂತಿಭೇದಿ ಇದೆ, ಯಾವ ಶಾಲೆಯ ಮಕ್ಕಳಿಗೆ ಕಣ್ಣುಬೇನೆ ಬಂದಿದೆ ಎಂಬುದು ಮಾರಾಟವಾದ ಗುಳಿಗೆಯ ಲೆಕ್ಕದಲ್ಲೇ ಸಿಗುತ್ತದೆ. ಈಗ ನನ್ನ ಅಂಗಡಿಯಲ್ಲಿ ಪ್ಯಾರಾಸಿಟಮಾಲ್ ಹಿಂದೆಂದೂ ಇಲ್ಲದಷ್ಟು ಖರ್ಚಾಗುತ್ತಿದೆ. ಆದರೆ ಕೇಳಿದರೆ ಜ್ವರ ಬಂದವರು ಊರಲ್ಲಿ ಒಬ್ಬರೂ ಇಲ್ಲ! ಎಲ್ಲರೂ ‘ಮನೆಯಲ್ಲಿ ಇರಲಿ’ ಎಂದೇ ಕೊಳ್ಳುತ್ತಾರೆ. ಕೆಮ್ಮಿನ ಸಿರಪ್ ಕೇಳುವಾಗ ದನಿ ತಗ್ಗಿಸುತ್ತಾರೆ. ಸಾಲಿನಲ್ಲಿ ನಿಂತಿದ್ದಾಗ ಸೀನು ಬಂದ ಒಬ್ಬರು ಔಷಧಿ ತೆಗೆದುಕೊಳ್ಳದೆ ಹಿಂದಿರುಗಿದರು. ಅವರ ಹಿಂದೆ ನಿಂತಿದ್ದವರ ಮುಖ ನೋಡಿದ್ದರೆ ತಾವೂ ಹಾಗೆಯೇ ಮಾಡುತ್ತಿದ್ದಿರಿ.

ಕಳೆದ ವಾರ ಅಡಿಕೆ ತೋಟದ ಕೂಲಿ ಕೆಲಸ ಮಾಡುವ ಹೆಂಗಸೊಬ್ಬರು ಬಂದು ಜ್ವರದ ಗುಳಿಗೆ ಕೇಳಿದರು. ಯಾರಿಗೆ ಎಂದೆ. ಉತ್ತರವಿಲ್ಲ. ಸಾಲು ಕರಗಿದ ಮೇಲೆ ಮತ್ತೆ ಬಂದು, ಗಂಡನಿಗೆ ನಾಲ್ಕು ದಿನದಿಂದ ಜ್ವರ, ತಲೆ ಎತ್ತಲಾಗದಷ್ಟು ತಲೆನೋವು, ಸೊಂಟ, ಕಾಲು ಎಲ್ಲ ಮುರಿದು ಹಾಕಿದ ಹಾಗೆ ನೋವು, ಕಣ್ಣು ಕೆಂಪಗಾಗಿದೆ ಎಂದರು. ಕೆಮ್ಮು ಇದೆಯೇ ಎಂದು ಕೇಳಿದೆ. ಇಲ್ಲ. ಹೊರ ಊರಿನಿಂದ ಯಾರಾದರೂ ಬಂದಿದ್ದರೇ? ಇಲ್ಲ. ಕಾಡಿಗೆ ಹೋಗಿದ್ದರೇ? ಹೋಗಿದ್ದರು, ಕೊಟ್ಟಿಗೆಗೆ ಹಾಸಲು ತರಗೆಲೆ ತರುವುದಕ್ಕೆ. ಇಷ್ಟು ಕೇಳಿದ ಮೇಲೆ ಮಲೆನಾಡಿನವನಾದ ನನಗೆ ಎದೆ ಧಸಕ್ಕೆಂದಿತು. ಗುಳಿಗೆಯ ಮಾತು ಬಿಡಿ, ಈಗಲೇ ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಎಂದೆ. ಆಕೆ ಹೇಳಿದ್ದು ಇದು: “ಅಣ್ಣಾ, ಅಲ್ಲಿಗೆ ಹೋದರೆ ಕೊರೊನಾ ಎಂದು ಬರೆದುಕೊಳ್ಳುತ್ತಾರೆ. ಮೈತುಂಬ ಬಿಳಿ ಬಟ್ಟೆ ಹಾಕಿಕೊಂಡವರು ಆಂಬುಲೆನ್ಸ್ ತರುತ್ತಾರೆ. ಆಮೇಲೆ ನಮ್ಮನ್ನು ತೋಟಕ್ಕೆ ಯಾರು ಕರೆಯುತ್ತಾರೆ?”

ಮಾನ್ಯರೇ, ತಾವು ಈ ಜಿಲ್ಲೆಗೆ ಬಂದು ಬಹಳ ಕಾಲವಾಗಿಲ್ಲವಾದ್ದರಿಂದ ಒಂದು ಮಾತು ಬಿಡಿಸಿ ಹೇಳುತ್ತೇನೆ. ಕೊರೊನಾ ನಮಗೆ ಹೊಸದು; ಹೆಸರಿಲ್ಲದ ಜ್ವರಕ್ಕೆ ಹೆದರುವುದು ಹೊಸದಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲು ಸಾಲಾಗಿ ಸತ್ತು, ಹಿಂದೆಯೇ ಮನುಷ್ಯರು ಸತ್ತಾಗ ಗೊತ್ತಾದದ್ದು ಮಂಗನ ಕಾಯಿಲೆ. ಉಣುಗು ಕಚ್ಚಿ ಬರುವ ಈ ಜ್ವರಕ್ಕೆ ಇಂದಿಗೂ ನಿರ್ದಿಷ್ಟ ಔಷಧವಿಲ್ಲ. ಇರುವುದು ಲಸಿಕೆ, ಉಣುಗು ಹತ್ತದಂತೆ ಮೈಗೆ ಹಚ್ಚಿಕೊಂಡು ಕಾಡಿಗೆ ಹೋಗುವ ಡಿಎಂಪಿ ಎಣ್ಣೆ, ಮತ್ತು ಬೇಗ ಆಸ್ಪತ್ರೆಗೆ ಸೇರುವುದು. ತಡವಾದರೆ ಒಸಡಿನಿಂದ, ಮೂಗಿನಿಂದ ರಕ್ತ ಬರುತ್ತದೆ. ಕೆಲವರಿಗೆ ಜ್ವರ ಬಿಟ್ಟು ಹೋದ ಹಾಗೆ ಮಾಡಿ, ವಾರ ಕಳೆದು ಮತ್ತೆ ಬಂದು ಮಿದುಳಿಗೇ ತಗಲುತ್ತದೆ. ಕಳೆದ ವರ್ಷ ಸಾಗರ ತಾಲ್ಲೂಕಿನ ಅರಳಗೋಡು ಸುತ್ತಮುತ್ತ ಸಾವುಗಳಾದಾಗ ಇಡೀ ಮಲೆನಾಡು ನಿದ್ದೆಗೆಟ್ಟಿತ್ತು. ಈ ಕಾಯಿಲೆಯ ಕಾಲ ಯಾವುದು? ಡಿಸೆಂಬರ್‌ನಿಂದ ಮೇವರೆಗೆ. ಅಂದರೆ ಈಗ. ಕೊರೊನಾ ಬಂತೆಂದು ಉಣುಗು ರಜೆ ಹಾಕಿ ಹೋಗಿಲ್ಲ.

ಎರಡೂ ಜ್ವರಗಳು ಒಂದೇ ತಿಂಗಳಲ್ಲಿ ಬಂದಿವೆ. ಒಂದರಲ್ಲಿ ಕೆಮ್ಮು, ಉಸಿರಾಟದ ತೊಂದರೆ ಮುಖ್ಯ. ಅದು ಮನುಷ್ಯರಿಂದ ಮನುಷ್ಯರಿಗೆ ಹರಡುತ್ತದೆ. ಇನ್ನೊಂದರಲ್ಲಿ ತಲೆನೋವು, ಮೈನೋವು. ಅದು ಒಬ್ಬರಿಂದ ಒಬ್ಬರಿಗೆ ಹರಡುವುದೇ ಇಲ್ಲ. ಮನೆಯಲ್ಲಿ ಕುಳಿತವರಿಗೆ ಈ ವ್ಯತ್ಯಾಸ ತಿಳಿಯುವುದು ಹೇಗೆ? ವೈದ್ಯರಿಗೇ ರಕ್ತಪರೀಕ್ಷೆ ಬೇಕು, ಗಂಟಲ ದ್ರವದ ಪರೀಕ್ಷೆ ಬೇಕು. ಇಷ್ಟು ವರ್ಷ ಆಶಾ ಕಾರ್ಯಕರ್ತೆಯರು ಮನೆ ಮನೆ ಸುತ್ತಿ, ‘ಜ್ವರ ಬಂದರೆ ಮುಚ್ಚಿಡಬೇಡಿ, ಆ ದಿನವೇ ಹೇಳಿ’ ಎಂದು ಕಾಡಂಚಿನ ಹಳ್ಳಿಗಳಿಗೆ ಕಲಿಸಿದ್ದರು. ಆ ಪಾಠವನ್ನು ನಾವು ಎರಡೇ ವಾರದಲ್ಲಿ ಅಳಿಸಿ ಹಾಕುತ್ತಿದ್ದೇವೆ.

ಆ ಹೆಂಗಸಿನ ಗಂಡ ಕೊನೆಗೂ ಆಸ್ಪತ್ರೆಗೆ ಹೋದರು. ಆಶಾ ಕಾರ್ಯಕರ್ತೆ ಅವರ ಮನೆಯ ಜಗುಲಿಯಲ್ಲಿ ಒಂದು ಗಂಟೆ ಕುಳಿತು ಒಪ್ಪಿಸಿದ ಮೇಲೆ, ಕತ್ತಲಾದ ನಂತರ, ಪರಿಚಯದವರ ಪಿಕಪ್ ವಾಹನದಲ್ಲಿ ಹೋದರು. ಅವರಿಗೆ ಬಂದದ್ದು ಯಾವ ಜ್ವರ ಎಂದು ಓದುಗರಿಗೆ ಕುತೂಹಲವಿರಬಹುದು. ನಾನು ಬರೆಯುವುದಿಲ್ಲ. ಅದು ಅವರಿಗೂ ಅವರ ವೈದ್ಯರಿಗೂ ಸೇರಿದ ವಿಷಯ.

ಇನ್ನು ಈ ಹೆದರಿಕೆ ಎಲ್ಲಿಂದ ಬಂತು ಎನ್ನುವುದಕ್ಕೆ ಬರುತ್ತೇನೆ. ವಿದೇಶದಿಂದ ಬಂದವರು ಹದಿನಾಲ್ಕು ದಿನ ಮನೆಯೊಳಗೆ ಇರಬೇಕು ಎನ್ನುವುದು ಸರಿ. ಅವರ ಕೈಗೆ ಮುದ್ರೆ ಒತ್ತಿದ್ದನ್ನೂ ಒಪ್ಪೋಣ, ವಿಮಾನ ಇಳಿದು ಮದುವೆ ಮನೆಗೆ ಹೋದವರೂ ಇದ್ದರಲ್ಲ. ಆದರೆ ಹೋಂ ಕ್ವಾರಂಟೈನ್‌ನಲ್ಲಿ ಇರುವವರ ಮನೆ ವಿಳಾಸಗಳ ಪಟ್ಟಿಯನ್ನು ಸರ್ಕಾರವೇ ಜಾಲತಾಣದಲ್ಲಿ ಹಾಕಿತು. ಅವರು ರೋಗಿಗಳಲ್ಲ, ರೋಗ ಬಂದೀತು ಎಂದು ಮುನ್ನೆಚ್ಚರಿಕೆಯಿಂದ ಮನೆಯಲ್ಲಿ ಉಳಿದವರು. ವಾಟ್ಸ್ಆ್ಯಪ್‌ಗೆ ಈ ಭೇದ ಗೊತ್ತಿಲ್ಲ. ಬೆಂಗಳೂರಿನ ಪಟ್ಟಿ ಹರಿದಾಡಿದ ಮರುದಿನವೇ ನಮ್ಮ ತಾಲ್ಲೂಕಿನದೂ ಒಂದು ಪಟ್ಟಿ ಹುಟ್ಟಿಕೊಂಡಿತು. ಅದನ್ನು ಯಾರು ಮಾಡಿದರೋ ತಿಳಿಯದು. ಸರ್ಕಾರಿ ಮೊಹರಿಲ್ಲ, ಸಹಿಯಿಲ್ಲ, ತಲೆಬರಹ ಮಾತ್ರ ‘ಕೊರೊನಾ ಶಂಕಿತರು’. ನನ್ನ ಮೊಬೈಲಿಗೇ ಅದು ಐದಾರು ಗುಂಪುಗಳಿಂದ ಬಂತು. ಅದರಲ್ಲಿ ಕೊಲ್ಲಿ ದೇಶದಿಂದ ಬಂದವರ ಜೊತೆಗೆ, ಬೆಂಗಳೂರಿನಲ್ಲಿ ಬೇಕರಿ ಕೆಲಸಕ್ಕಿದ್ದು ಊರಿಗೆ ಮರಳಿದ ಹುಡುಗನ ಹೆಸರಿತ್ತು. ಅವನು ವಿಮಾನವನ್ನು ಆಕಾಶದಲ್ಲಿ ಬಿಟ್ಟರೆ ಬೇರೆಲ್ಲೂ ಕಂಡವನಲ್ಲ.

ಅಂಥ ಒಂದು ಮನೆ ನಮ್ಮ ಅಂಗಡಿಯ ಹಿಂದಿನ ಓಣಿಯಲ್ಲೇ ಇದೆ. ಅವರ ಬಾಗಿಲಿಗೆ ಸೂಚನೆಯ ಹಾಳೆ ಅಂಟಿಸಿದ ದಿನದಿಂದ ಹಾಲು ಹಾಕುವವರು ಬರಲಿಲ್ಲ. ಪಕ್ಕದವರು ಬಾವಿಗೆ ಬರಬೇಡಿ ಎಂದರು. ಬಾವಿಯ ನೀರಿನಿಂದ ಇದು ಹರಡುತ್ತದೆ ಎಂದು ಯಾವ ವೈದ್ಯರೂ ಹೇಳಿಲ್ಲ ಎಂದು ನಾನು ಹೇಳಹೋದರೆ, “ನಿಮಗೇನು, ನಿಮಗೆ ವ್ಯಾಪಾರ” ಎಂದರು. ಆ ಮನೆಯ ಹಿರಿಯರಿಗೆ ಸಕ್ಕರೆ ಕಾಯಿಲೆ ಇದೆ. ಇನ್ಸುಲಿನ್ ತರಲು ಕಳಿಸೋಣವೆಂದರೆ ಯಾರೂ ಒಪ್ಪಲಿಲ್ಲವಂತೆ. ನಾನೇ ಅಂಗಡಿ ಮುಚ್ಚಿದ ಮೇಲೆ ಹೋಗಿ, ಮಂಜುಗಡ್ಡೆ ಇಟ್ಟ ಡಬ್ಬಿಯನ್ನು ಗೇಟಿನ ಕಂಬದ ಮೇಲೆ ಇಟ್ಟು, ಫೋನು ಮಾಡಿ ಬಂದೆ. ಮರುದಿನ ಅಂಗಡಿಗೆ ಬಂದ ಇಬ್ಬರು ‘ನೀವು ಆ ಮನೆಗೆ ಹೋಗಿದ್ದಿರಂತೆ’ ಎಂದು ಮಾರು ದೂರ ನಿಂತು ಕೇಳಿದರು. ಸಾಮಾಜಿಕ ಅಂತರವನ್ನು ನಮ್ಮ ಊರಿನವರು ಎಷ್ಟು ಬೇಗ ಕಲಿತರು ನೋಡಿ! ಕಲಿಯುವುದು ಕಷ್ಟವಾಗಲಿಲ್ಲ, ಹಳೆಯ ಅಭ್ಯಾಸ ಇದ್ದೇ ಇತ್ತಲ್ಲ.

ಇದನ್ನೆಲ್ಲ ಕಣ್ಣಾರೆ ಕಂಡವರು ನಾಳೆ ತಮಗೇ ಕೆಮ್ಮು ಬಂದರೆ ಏನು ಮಾಡುತ್ತಾರೆ? ಜ್ವರದ ಗುಳಿಗೆ ನುಂಗಿ ಮೈ ತಣ್ಣಗಾಗಿಸಿಕೊಂಡು ತಪಾಸಣೆಯವರ ಮುಂದೆ ನಿಲ್ಲುತ್ತಾರೆ. ನಮ್ಮ ಗಡಿಯ ಚೆಕ್‌ಪೋಸ್ಟಿನಲ್ಲಿ ಹಣೆಗೆ ಹಿಡಿಯುವ ಆ ಉಪಕರಣ ಜ್ವರವನ್ನು ಮಾತ್ರ ಹಿಡಿಯುತ್ತದೆ, ಗುಳಿಗೆ ನುಂಗಿದ್ದನ್ನು ಹಿಡಿಯುವುದಿಲ್ಲ. ಹೀಗೆ ಮಾಡಿದವರು ನನ್ನ ಗಿರಾಕಿಗಳಲ್ಲೇ ಇರಬಹುದು ಎಂಬ ಅನುಮಾನ ನನಗಿದೆ.

ಈಗ ಆದೇಶಗಳೆಲ್ಲ ಹೊರಡುತ್ತಿರುವುದು 1897ರ ಸಾಂಕ್ರಾಮಿಕ ರೋಗಗಳ ಕಾಯಿದೆಯ ಅಡಿಯಲ್ಲಿ. ಮುಂಬಯಿಗೆ ಪ್ಲೇಗು ಬಂದಾಗ ಬ್ರಿಟಿಷರು ಮಾಡಿದ ಕಾಯಿದೆ ಅದು. ಅದೇ ವರ್ಷ ಪುಣೆಯಲ್ಲಿ ಸೈನಿಕರು ಮನೆಗಳಿಗೆ ನುಗ್ಗಿ ರೋಗಿಗಳನ್ನು ಹುಡುಕಿ ಎಳೆದೊಯ್ದರು, ಜನ ರೊಚ್ಚಿಗೆದ್ದರು, ಪ್ಲೇಗು ಅಧಿಕಾರಿ ರ‍್ಯಾಂಡ್‌ನನ್ನು ಚಾಫೇಕರ್ ಸಹೋದರರು ಗುಂಡಿಟ್ಟು ಕೊಂದರು. ಮರುವರ್ಷ ಪ್ಲೇಗು ಬೆಂಗಳೂರಿಗೂ ಬಂತು. ಇಲಿ ಬಿದ್ದರೆ ಊರು ಬಿಟ್ಟು ಬಯಲಿನಲ್ಲಿ ಗುಡಿಸಲು ಹಾಕಿಕೊಳ್ಳುತ್ತಿದ್ದುದನ್ನು ನಮ್ಮ ಅಜ್ಜಿ ಹೇಳುತ್ತಿದ್ದರು. ಕಂಕುಳಲ್ಲಿ ಗಡ್ಡೆ ಎದ್ದವರನ್ನು ಮನೆಯವರು ಅಟ್ಟದ ಮೇಲೆ ಮಲಗಿಸಿ ಬಚ್ಚಿಡುತ್ತಿದ್ದುದನ್ನೂ ಅವರೇ ಹೇಳುತ್ತಿದ್ದರು. ಅಟ್ಟದ ಮೇಲೆ ಬಚ್ಚಿಟ್ಟದ್ದು ರೋಗಿಯ ಮೇಲಿನ ಪ್ರೀತಿಯಿಂದ, ಸರ್ಕಾರದ ಮೇಲಿನ ಭಯದಿಂದ. ಬೆಂಗಳೂರಿಗೆ ಆಮೇಲೆ ಬಸವನಗುಡಿ, ಮಲ್ಲೇಶ್ವರದಂಥ ಗಾಳಿ ಬೆಳಕಿನ ಬಡಾವಣೆಗಳು ಬಂದವು, ದೊಡ್ಡ ಆಸ್ಪತ್ರೆ ಬಂತು. ಆ ಕೆಲಸಗಳನ್ನೂ ಅದೇ ಕಾಲದವರೇ ಮಾಡಿದರು. ತಮ್ಮ ಕೈಯಲ್ಲಿರುವ ಹಳೆಯ ಕಾಯಿದೆಯನ್ನು ತಾವು ಯಾವ ರೀತಿಯಲ್ಲಿ ಬಳಸುತ್ತೀರಿ ಎನ್ನುವುದು ತಮಗೆ ಬಿಟ್ಟದ್ದು.

ಮಾಸ್ಕ್ ಮತ್ತು ಸ್ಯಾನಿಟೈಸರ್ ಬಗ್ಗೆ ನಮ್ಮ ಮೇಲಿರುವ ಆರೋಪಕ್ಕೂ ಉತ್ತರ ಕೊಡಬೇಕು. ಔಷಧಿ ಅಂಗಡಿಯವರೆಲ್ಲ ದರೋಡೆಕೋರರು ಎಂದು ಊರಿನಲ್ಲಿ ಮಾತಾಗಿದೆ. ಮಾಡಿದವರೂ ಇದ್ದಾರೆ, ಇಲ್ಲವೆನ್ನುವುದಿಲ್ಲ. ಆದರೆ ನಡೆದದ್ದು ಹೀಗೆ. ಜನವರಿಯಲ್ಲಿ ಎರಡು ಮೂರು ರೂಪಾಯಿಗೆ ಕೇಳುವವರಿಲ್ಲದೆ ಬಿದ್ದಿದ್ದ ಮಾಸ್ಕನ್ನು ಮಾರ್ಚ್ ಮೊದಲ ವಾರದಲ್ಲಿ ನಮ್ಮ ಸಗಟು ವಿತರಕರು ಹನ್ನೆರಡಕ್ಕೆ ಏರಿಸಿದರು, ಆಮೇಲೆ ಹದಿನೆಂಟಕ್ಕೆ, ಅದೂ ಬಿಲ್ಲಿಲ್ಲದೆ. ಮಾರ್ಚ್ 13ರಂದು ಕೇಂದ್ರ ಸರ್ಕಾರ ಮಾಸ್ಕ್ ಹಾಗೂ ಸ್ಯಾನಿಟೈಸರನ್ನು ಅಗತ್ಯ ವಸ್ತುಗಳ ಪಟ್ಟಿಗೆ ಸೇರಿಸಿತು. ಆಮೇಲೆ ಮೂರು ಪದರದ ಮಾಸ್ಕಿಗೆ ಹತ್ತು ರೂಪಾಯಿ, ಎರಡು ಪದರದ್ದಕ್ಕೆ ಎಂಟು, 200 ಮಿಲಿಲೀಟರ್ ಸ್ಯಾನಿಟೈಸರಿಗೆ ನೂರು ರೂಪಾಯಿ ಎಂದು ಬೆಲೆ ಕಟ್ಟಿತು. ಒಳ್ಳೆಯದೇ. ಆದರೆ ಬೆಲೆಯ ಫಲಕ ಹಾಕಿದ್ದೀಯೋ ಇಲ್ಲವೋ ಎಂದು ನೋಡಲು ನನ್ನ ಅಂಗಡಿಗೆ ಅಧಿಕಾರಿಗಳು ಬಂದರು, ವಿತರಕರ ಗೋದಾಮಿಗೆ ಹೋಗಲಿಲ್ಲ. ಹದಿನೆಂಟಕ್ಕೆ ಕೊಂಡು ಹತ್ತಕ್ಕೆ ಮಾರುವ ಶಕ್ತಿ ನನಗಿಲ್ಲ, ಹದಿನೆಂಟಕ್ಕೆ ಮಾರುವ ಧೈರ್ಯವೂ ಇಲ್ಲ. ಹೀಗಾಗಿ ನನ್ನ ಅಂಗಡಿಯಲ್ಲಿ ಬೆಲೆಯ ಫಲಕ ಇದೆ, ಮಾಸ್ಕ್ ಇಲ್ಲ.

ಎಲ್ಲರಿಗೂ ಆ ಮಾಸ್ಕ್ ಬೇಕೇ ಬೇಕು ಎಂದೂ ನಾನು ಹೇಳುವುದಿಲ್ಲ. ತೋಟದಲ್ಲಿ ಒಬ್ಬನೇ ಕೆಲಸ ಮಾಡುವವನು ಮೂಗು ಕಟ್ಟಿಕೊಂಡು ಯಾರನ್ನು ಕಾಪಾಡಬೇಕು? ಆದರೆ ದಿನಕ್ಕೆ ಐವತ್ತು ಮನೆಗಳ ಬಾಗಿಲು ತಟ್ಟಿ, ‘ನಿಮ್ಮಲ್ಲಿ ಯಾರಾದರೂ ಹೊರಗಿನಿಂದ ಬಂದಿದ್ದಾರೆಯೇ, ಜ್ವರ ಇದೆಯೇ’ ಎಂದು ಕೇಳಿ ಬರೆದುಕೊಳ್ಳುವ ಆಶಾ ಕಾರ್ಯಕರ್ತೆಯರು ಸೀರೆಯ ಸೆರಗನ್ನೇ ಮೂಗಿಗೆ ಹಿಡಿದು ನಿಂತಿರುವುದನ್ನು ನಾನು ನೋಡಿದ್ದೇನೆ. ಅವರಲ್ಲಿ ಒಬ್ಬರು ನನ್ನ ಅಂಗಡಿಗೆ ಬಂದು ತಮ್ಮ ದುಡ್ಡಿನಲ್ಲಿ ಸಣ್ಣ ಸ್ಯಾನಿಟೈಸರ್ ಬಾಟಲಿ ಕೇಳಿದಾಗ, ಇಲ್ಲ ಎನ್ನಲು ನನಗೆ ನಾಚಿಕೆಯಾಯಿತು. ಸಾಬೂನು ಕೊಟ್ಟೆ. ಇಪ್ಪತ್ತು ಸೆಕೆಂಡು ಉಜ್ಜಿ ತೊಳೆದರೆ ಸಾಬೂನಿನಷ್ಟು ಒಳ್ಳೆಯದು ಬೇರೆ ಇಲ್ಲ. ಆದರೆ ತೊಳೆಯುವುದಕ್ಕೆ ನೀರು ಬೇಕಲ್ಲ. ಬೇಸಿಗೆ ಕಾಲಿಟ್ಟಿದೆ; ಮಳೆಯ ನಾಡು ಎಂದು ಹೆಸರಾದ ನಮ್ಮಲ್ಲೇ ಗುಡ್ಡದ ಮೇಲಿನ ಕೇರಿಗಳಿಗೆ ಮೂರು ದಿನಕ್ಕೊಮ್ಮೆ ನಲ್ಲಿ ಬರುತ್ತದೆ. ಕೈ ತೊಳೆಯಿರಿ ಎಂದು ಆಟೋದಲ್ಲಿ ಧ್ವನಿವರ್ಧಕ ಕಟ್ಟಿಕೊಂಡು ಆ ಕೇರಿಗೆ ಹೋಗುವವರು ಹಿಂದೆಯೇ ಒಂದು ಟ್ಯಾಂಕರನ್ನೂ ಕಳಿಸಿದರೆ ಮಾತಿಗೆ ತೂಕ ಬರುತ್ತದೆ.

ವದಂತಿಗಳ ಬಗ್ಗೆ ಹೆಚ್ಚು ಬರೆಯುವುದಿಲ್ಲ, ಬರೆದರೆ ಮುಗಿಯುವುದಿಲ್ಲ. ಜನತಾ ಕರ್ಫ್ಯೂ ದಿನ ಹದಿನಾಲ್ಕು ಗಂಟೆ ಮನೆಯಲ್ಲಿದ್ದರೆ ವೈರಸ್ ತಾನಾಗಿ ಸಾಯುತ್ತದೆ ಎಂದು ನಂಬಿದವರು ಸೋಮವಾರ ಬೆಳಿಗ್ಗೆ ಗುಂಪುಗುಂಪಾಗಿ ಪೇಟೆಗೆ ಬಂದರು. ಕೋಳಿ ತಿಂದರೆ ಕೊರೊನಾ ಬರುತ್ತದೆ ಎಂಬ ಮಾತಿಗೆ ಕೋಳಿ ಸಾಕಿದವರು ಮುಳುಗಿಹೋದರು. ಇದೇ ತಿಂಗಳು ಮೈಸೂರಿನಲ್ಲೂ ಹರಿಹರದ ಕಡೆಯೂ ಹಕ್ಕಿಜ್ವರ ಕಾಣಿಸಿಕೊಂಡು, ಎರಡನ್ನೂ ಸೇರಿಸಿ ಜನ ಒಂದೇ ಕಥೆ ಮಾಡಿದರು. ಇವೆಲ್ಲ ಓದು ಬರಹ ಇಲ್ಲದವರ ಕೆಲಸ ಎಂದುಕೊಳ್ಳಬೇಡಿ. ಕೊರೊನಾ ತಡೆಯುತ್ತದೆ ಎಂದು ಮಲೇರಿಯಾದ ಗುಳಿಗೆ ಹೈಡ್ರಾಕ್ಸಿಕ್ಲೋರೋಕ್ವಿನ್ ಕೇಳಿಕೊಂಡು ನನ್ನ ಅಂಗಡಿಗೆ ಬಂದವರಲ್ಲಿ ಪದವೀಧರರೇ ಹೆಚ್ಚು. ಮಾರ್ಚ್ 23ರಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಅದನ್ನು ಸೋಂಕಿತರ ಆರೈಕೆಯಲ್ಲಿರುವ ಆರೋಗ್ಯ ಸಿಬ್ಬಂದಿಗೆ ಮತ್ತು ಸೋಂಕು ದೃಢಪಟ್ಟವರ ಮನೆಯವರಿಗೆ ಮಾತ್ರ ಸೂಚಿಸಿತ್ತು. ಇವರಿಗೆ ‘ಮಾತ್ರ’ ಎಂಬುದು ಕಾಣಲಿಲ್ಲ. ಮೂರು ದಿನ ಕಳೆಯುವಷ್ಟರಲ್ಲಿ ಸರ್ಕಾರ ಅದರ ಮಾರಾಟಕ್ಕೆ ಕಡಿವಾಣ ಹಾಕಿತು, ಆದರೆ ಅಷ್ಟರಲ್ಲಿ ನನ್ನ ಬಳಿ ಇದ್ದದ್ದು ಮುಗಿದಿತ್ತು. ಚೀಟಿ ಇಲ್ಲದವರಿಗೆ ನಾನು ಕೊಡಲಿಲ್ಲ. ಚೀಟಿ ಬರೆಸಿಕೊಂಡು ಬಂದವರಿಗೆ ಕೊಡದೆ ವಿಧಿಯಿರಲಿಲ್ಲ. ಸಂಧಿವಾತಕ್ಕೆ ವರ್ಷಗಳಿಂದ ಅದೇ ಗುಳಿಗೆ ತೆಗೆದುಕೊಳ್ಳುವ ಶಿಕ್ಷಕಿಯೊಬ್ಬರು ಈಗ ಬರಿಗೈಯಲ್ಲಿ ಹೋಗುತ್ತಿದ್ದಾರೆ.

ಅವರ ಮಾತು ಬಂದದ್ದರಿಂದ ಹೇಳುತ್ತೇನೆ. ಕೊರೊನಾ ಒಂದೇ ಕಾಯಿಲೆ ಎಂಬಂತೆ ಎಲ್ಲವೂ ನಡೆಯುತ್ತಿದೆ. ರಕ್ತದೊತ್ತಡದ ಗುಳಿಗೆ, ಮೂರ್ಛೆರೋಗದ ಗುಳಿಗೆ, ಥೈರಾಯ್ಡ್, ಹೃದಯದ ಔಷಧಿ, ಇವು ಒಂದು ದಿನವೂ ತಪ್ಪಬಾರದವು. ಬಸ್ಸು ನಿಂತಿತು. ಹಳ್ಳಿಯಿಂದ ತಾಲ್ಲೂಕಿಗೆ ಬರುವುದು ಹೇಗೆ? ಬೈಕಿನಲ್ಲಿ ಬಂದವರಿಗೆ ವೃತ್ತದಲ್ಲಿ ಲಾಠಿ. ಔಷಧಿ ಚೀಟಿ ತೋರಿಸಲು ಜೇಬಿಗೆ ಕೈ ಹಾಕುವ ಮೊದಲೇ ಏಟು ಬಿದ್ದಿದೆ. ನನ್ನ ಅಂಗಡಿಯ ಹುಡುಗನಿಗೂ ಬಿತ್ತು. ಅಂಗಡಿ ತೆರೆಯಲು ಅನುಮತಿ ಇದೆ, ಅಂಗಡಿಯವನು ಮನೆಯಿಂದ ಅಂಗಡಿಗೆ ಬರಲು ಅನುಮತಿ ಇಲ್ಲ. ಇಂಥ ವ್ಯವಸ್ಥೆಯನ್ನು ಯಾರು ಯೋಚಿಸಿದರೋ! ಪೊಲೀಸರೂ ಬಿಸಿಲಿನಲ್ಲಿ ನಿಂತು ದಣಿದಿದ್ದಾರೆ, ಅವರಿಗೂ ಮನೆಯಲ್ಲಿ ಮಕ್ಕಳಿದ್ದಾರೆ, ನನಗೆ ತಿಳಿಯುತ್ತದೆ. ಆದರೆ ಅಪಸ್ಮಾರದ ಮಗುವಿನ ಔಷಧಿಗೆ ಹೊರಟ ತಂದೆ ಅರ್ಧ ದಾರಿಯಿಂದ ಹಿಂದಿರುಗಿ, ಆ ರಾತ್ರಿ ಮಗುವಿಗೆ ಫಿಟ್ಸ್ ಬಂದರೆ ಅದನ್ನು ಯಾವ ಲೆಕ್ಕಕ್ಕೆ ಬರೆಯುತ್ತೀರಿ? ನಿತ್ಯ ಸಂಜೆ ಟಿ.ವಿ.ಯಲ್ಲಿ ಬರುವ ಸಂಖ್ಯೆಗಳಲ್ಲಿ ಅದಕ್ಕೆ ಕಾಲಂ ಇಲ್ಲ.

ಇನ್ನು ನನ್ನ ವಿನಂತಿಗಳು. ಹಣ ಬೇಕಾದವು ಇದರಲ್ಲಿ ಕಡಿಮೆ, ತಮ್ಮ ಒಂದು ಸಹಿಯಲ್ಲಿ ಆಗುವವೇ ಹೆಚ್ಚು.

ಮೊದಲನೆಯದು ಮತ್ತು ನನ್ನ ಮಟ್ಟಿಗೆ ಉಳಿದೆಲ್ಲಕ್ಕಿಂತ ಮುಖ್ಯವಾದದ್ದು: ಹೆಸರು, ವಿಳಾಸಗಳ ಪಟ್ಟಿ ಹರಿದಾಡುವುದನ್ನು ನಿಲ್ಲಿಸಿ. ಸುಳ್ಳು ಸುದ್ದಿ ಹರಡಿದರೆ ಕ್ರಮ ಎಂದು ತಾವು ಎಚ್ಚರಿಕೆ ಕೊಟ್ಟಿದ್ದೀರಿ. ನಿಜವಾದ ಹೆಸರನ್ನು ಹರಡಿದರೂ ಕ್ರಮ ಎಂದು ಅದಕ್ಕೆ ಸೇರಿಸಿ. ಕಚೇರಿಯಿಂದಲೇ ಪಟ್ಟಿ ಸೋರಿದ್ದರೆ ಅದನ್ನು ಪತ್ತೆ ಹಚ್ಚಿಸಿ. ಯಾವ ಹೋಬಳಿಯಲ್ಲಿ ಎಷ್ಟು ಜನ ಕ್ವಾರಂಟೈನ್‌ನಲ್ಲಿದ್ದಾರೆ ಎಂಬ ಸಂಖ್ಯೆ ಸಾಕು, ಅದಕ್ಕಿಂತ ಹೆಚ್ಚಿನದು ನೆರೆಹೊರೆಗೆ ಬೇಕಿಲ್ಲ. ಬಾಗಿಲಿಗೆ ಹಾಳೆ ಅಂಟಿಸಲೇಬೇಕಾದರೆ ಅದೇ ದಿನ ಗ್ರಾಮ ಪಂಚಾಯಿತಿಯ ಒಬ್ಬರಿಗೆ ಆ ಮನೆಯ ಹಾಲು, ದಿನಸಿ, ಔಷಧಿಯ ಹೊಣೆ ವಹಿಸಿ. ಹಾಳೆ ಅಂಟಿಸುವವರು ಒಬ್ಬರು, ಹಾಲು ತರುವವರು ಯಾರೂ ಇಲ್ಲ ಎಂದಾಗಬಾರದು.

ಎರಡನೆಯದಾಗಿ, ಕಾಡಂಚಿನ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಜ್ವರದವರಿಗೆ ಬೇರೆ ಬಾಗಿಲು, ಬೇರೆ ಸಮಯ ಗೊತ್ತುಮಾಡಿ. ಹೊರಗಡೆ ದೊಡ್ಡದಾಗಿ ‘ಮಂಗನ ಕಾಯಿಲೆಯ ರಕ್ತಪರೀಕ್ಷೆ ಎಂದಿನಂತೆ ನಡೆಯುತ್ತದೆ’ ಎಂದು ಬರೆಸಿ. ಲಸಿಕೆಯ ಉಳಿದ ಸುತ್ತುಗಳನ್ನು, ಡಿಎಂಪಿ ಎಣ್ಣೆಯ ವಿತರಣೆಯನ್ನು ಕೊರೊನಾ ಕೆಲಸದ ನೆಪದಲ್ಲಿ ಮುಂದೂಡಬೇಡಿ. ಸತ್ತ ಮಂಗ ಕಂಡರೆ ಯಾರಿಗೆ ಫೋನು ಮಾಡಬೇಕು ಎಂಬುದನ್ನೂ ಅದೇ ಆಟೋದ ಧ್ವನಿವರ್ಧಕದಲ್ಲಿ ಹೇಳಿಸಿ. ನನ್ನಂಥ ಅಂಗಡಿಯವರಿಗೂ ಒಂದು ಸೂಚನೆ ಕೊಡಿ: ಜ್ವರದ ಗುಳಿಗೆ ಕೇಳಿ ಬಂದವರಿಗೆ ನಾವು ಏನು ಕೇಳಬೇಕು, ಎಲ್ಲಿಗೆ ಕಳಿಸಬೇಕು ಎಂದು. ಆದರೆ ಕೊಂಡವರ ಹೆಸರು ಬರೆದು ಪೊಲೀಸರಿಗೆ ಒಪ್ಪಿಸಿ ಎಂದು ಮಾತ್ರ ಹೇಳಬೇಡಿ. ಹಾಗೆ ಹೇಳಿದ ದಿನದಿಂದ ಅವರು ನಮ್ಮ ಅಂಗಡಿಗೂ ಬರುವುದಿಲ್ಲ. ಆಗ ನಮಗೂ ಗೊತ್ತಾಗುವುದಿಲ್ಲ, ತಮಗೂ ಗೊತ್ತಾಗುವುದಿಲ್ಲ.

ಮಾಸ್ಕ್ ಜಿಲ್ಲೆಗೆ ಎಷ್ಟು ಬಂದರೂ ಮೊದಲ ಪಾಲು ಆಸ್ಪತ್ರೆಯ ಸಿಬ್ಬಂದಿಗೆ, ಆಶಾ ಕಾರ್ಯಕರ್ತೆಯರಿಗೆ, ಪೌರಕಾರ್ಮಿಕರಿಗೆ, ವೃತ್ತದಲ್ಲಿ ನಿಂತ ಪೊಲೀಸರಿಗೆ ಹೋಗಲಿ. ಉಳಿದವರಿಗೆ ಹತ್ತಿ ಬಟ್ಟೆಯದು ಸಾಕು. ನಮ್ಮ ಪೇಟೆಯಲ್ಲಿ ಮದುವೆ ಕಾಲದ ಹೊಲಿಗೆ ಕೆಲಸ ನಿಂತು ಕೈ ಕಟ್ಟಿ ಕುಳಿತ ದರ್ಜಿಗಳು ಇದ್ದಾರೆ, ಸ್ತ್ರೀಶಕ್ತಿ ಸಂಘಗಳಲ್ಲಿ ಹೊಲಿಗೆ ಯಂತ್ರಗಳಿವೆ. ಬಟ್ಟೆ ಅಂಗಡಿಯೊಂದನ್ನು ದಿನಕ್ಕೆರಡು ತಾಸು ತೆರೆಯಲು ಬಿಟ್ಟರೆ ವಾರದಲ್ಲಿ ಊರಿಗೆಲ್ಲ ಆಗುವಷ್ಟು ಹೊಲಿಯುತ್ತಾರೆ. ತೊಳೆದು, ಬಿಸಿಲಿಗೆ ಒಣಗಿಸಿ ಮತ್ತೆ ಕಟ್ಟಿಕೊಳ್ಳಬಹುದು. ಬೆಲೆ ತಪಾಸಣೆಯನ್ನು ಸಗಟು ಮಳಿಗೆಯಿಂದ ಆರಂಭಿಸಿ, ನನ್ನ ಅಂಗಡಿಗೆ ಆಮೇಲೆ ಬನ್ನಿ.

ದಿನನಿತ್ಯದ ಔಷಧಿಗೆ ನನ್ನದೊಂದು ಸಲಹೆ ಇದೆ. ಬಸ್ಸಿಲ್ಲದಿದ್ದರೂ ಹಾಲಿನ ವಾಹನ ಪ್ರತಿ ಬೆಳಿಗ್ಗೆ ಹಳ್ಳಿಹಳ್ಳಿಯ ಡೈರಿಗೆ ಹೋಗಿ ಬರುತ್ತಿದೆ. ಹಾಲು ಹಾಕಲು ಬಂದವರು ತಮ್ಮ ಔಷಧಿ ಚೀಟಿಯನ್ನು ಹೆಸರು, ಫೋನು ಸಂಖ್ಯೆ ಬರೆದ ಲಕೋಟೆಯಲ್ಲಿ ಹಾಕಿ ಡೈರಿಯ ಕಾರ್ಯದರ್ಶಿಯ ಕೈಗೆ ಕೊಡಲಿ. ಆ ವಾಹನದಲ್ಲಿ ಚೀಟಿ ನಮ್ಮಲ್ಲಿಗೆ ಬಂದರೆ ಮರುದಿನ ಅದೇ ವಾಹನದಲ್ಲಿ ಔಷಧಿ ಕಳಿಸುತ್ತೇವೆ. ದುಡ್ಡನ್ನು ಲಾಕ್‌ಡೌನ್ ಮುಗಿದ ಮೇಲೆ ಕೊಡಲಿ. ಈ ಬಗ್ಗೆ ನಮ್ಮ ಪೇಟೆಯ ಉಳಿದ ಔಷಧಿ ಅಂಗಡಿಯವರ ಜೊತೆ ಮಾತಾಡಿದ್ದೇನೆ, ಎಲ್ಲರೂ ಒಪ್ಪಿದ್ದಾರೆ. ಬೇಕಾದದ್ದು ಹಾಲು ಒಕ್ಕೂಟದವರಿಗೆ ತಮ್ಮದೊಂದು ಪತ್ರ, ಮತ್ತು ನಮ್ಮ ಸಿಬ್ಬಂದಿಗೆ ಪಾಸು. ಆ ಪಾಸು ನಮ್ಮ ವೃತ್ತದಲ್ಲಿ ನಡೆಯುತ್ತದೆ ಎಂದು ನಿಂತವರಿಗೂ ಗೊತ್ತಿರಬೇಕು.

ಕೊನೆಯದು ತಮ್ಮಿಂದಲೇ ಆಗಬೇಕಾದದ್ದು. ಪ್ರತಿದಿನ ಒಂದೇ ಹೊತ್ತಿಗೆ, ಆಕಾಶವಾಣಿಯಲ್ಲಾಗಲಿ ಸ್ಥಳೀಯ ಕೇಬಲ್ ಟಿ.ವಿ.ಯಲ್ಲಾಗಲಿ, ತಾವೇ ಹತ್ತು ನಿಮಿಷ ಮಾತಾಡಿ. ಸುತ್ತೋಲೆಯ ಕನ್ನಡದಲ್ಲಿ ಬೇಡ, ನಮ್ಮ ಜೊತೆ ಆಡುವ ಕನ್ನಡದಲ್ಲಿ. ಇಂದು ಎಷ್ಟು ಜನರ ಪರೀಕ್ಷೆ ಆಯಿತು, ಎಷ್ಟು ಜನರ ಹದಿನಾಲ್ಕು ದಿನ ಮುಗಿದು ಮನೆಯಿಂದ ಹೊರಬಂದರು, ನಾಳೆ ಏನು ತೆರೆದಿರುತ್ತದೆ, ಯಾವ ಮಾತು ಸುಳ್ಳು ಎಂದು ಹೇಳಿ. ತಿಳಿಯದ್ದನ್ನು ತಿಳಿಯದು ಎಂದೇ ಹೇಳಿ, ಜನ ತಪ್ಪು ತಿಳಿಯುವುದಿಲ್ಲ. ಎಲ್ಲಕ್ಕಿಂತ ಮೊದಲು, ಹದಿನಾಲ್ಕು ದಿನ ಮುಗಿಸಿದವರನ್ನು ಹೆಸರು ಹೇಳದೆ ಅಭಿನಂದಿಸಿ. ಮನೆಯೊಳಗೆ ಕುಳಿತು ಊರನ್ನು ಕಾದವರು ಅವರು ಎಂದು ಜಿಲ್ಲೆಯ ದೊಡ್ಡ ಅಧಿಕಾರಿಯ ಬಾಯಿಂದ ಒಮ್ಮೆ ಬಂದರೆ, ನಮ್ಮ ಓಣಿಯ ಆ ಮನೆಗೆ ಹಾಲು ಬರತೊಡಗುತ್ತದೆ.

ನನ್ನ ಅಂಗಡಿಯಿಂದ ನಿತ್ಯವೂ ಔಷಧಿ ಕೊಳ್ಳುವವರಲ್ಲಿ ಯಾವ ಹಳ್ಳಿಯವರಿಗೆ ಯಾವ ಗುಳಿಗೆ ಎಷ್ಟು ಬೇಕು ಎಂಬ ಲೆಕ್ಕವನ್ನು, ಹೆಸರುಗಳನ್ನು ತೆಗೆದು, ಹಳ್ಳಿವಾರು ಬರೆದು ಇಟ್ಟಿದ್ದೇನೆ. ತಹಶೀಲ್ದಾರರ ಕಚೇರಿಯಿಂದ ಯಾರನ್ನಾದರೂ ಕಳಿಸಿದರೆ ಕೊಡುತ್ತೇನೆ. ಅಂಗಡಿ ಬೆಳಿಗ್ಗೆ ಎಂಟರಿಂದ ರಾತ್ರಿ ಎಂಟರವರೆಗೆ ತೆರೆದಿರುತ್ತದೆ. ಹಾಲಿನ ವಾಹನ ನಮ್ಮ ಪೇಟೆಯಿಂದ ಬೆಳಿಗ್ಗೆ ಐದೂವರೆಗೆ ಹೊರಡುತ್ತದೆ. ತಮ್ಮ ಒಪ್ಪಿಗೆ ಬಂದರೆ ಮೊದಲ ದಿನ ನಾನೇ ಅದರಲ್ಲಿ ಹೋಗಿ ಡೈರಿಯವರಿಗೆ ತೋರಿಸಿ ಬರಲು ಸಿದ್ಧನಿದ್ದೇನೆ.

ಇಂತಿ ತಮ್ಮ ವಿಶ್ವಾಸಿ,
ತಾಲ್ಲೂಕು ಕೇಂದ್ರದ ಒಬ್ಬ ಔಷಧಿ ವ್ಯಾಪಾರಿ